ಕಾಂಗೇಯಂ ದಾರಿಯ ವಾಹನಗಳು: ಎತ್ತಿನ ಬಂಡಿಯಿಂದ ಹಳೆಯ ಕಾರಿನವರೆಗೆ

ಕೊಯಮತ್ತೂರಿನಿಂದ ಪಲ್ಲಡಂ ಮೂಲಕ ಪೂರ್ವಕ್ಕೆ ಹೋಗುವ ಹೆದ್ದಾರಿ ಸುಮಾರು 70 ಕಿ.ಮೀ. ದೂರದಲ್ಲಿ ಕಾಂಗೇಯಂ ಪಟ್ಟಣವನ್ನು ಹಾದು ವೆಳ್ಳಕೋವಿಲ್, ಕರೂರುಗಳತ್ತ ಸಾಗುತ್ತದೆ. ಇದು ಪಶ್ಚಿಮಘಟ್ಟದ ಮಳೆನೆರಳಿನ ಸೀಮೆ. ಮುಂಗಾರು ತನ್ನ ನೀರನ್ನೆಲ್ಲ ಕೇರಳದ ಕಡೆಯೇ ಸುರಿಸಿ, ಪಾಲಕ್ಕಾಡಿನ ಕಂಡಿಯೊಳಗಿಂದ ಬರೀ ಗಾಳಿಯಾಗಿ ಈಚೆ ನುಗ್ಗುತ್ತದೆ. ವರ್ಷದ ಮಳೆ 600 ಮಿ.ಮೀ. ಆಸುಪಾಸು. ಮರುಭೂಮಿ ಎಂದರೆ ಅತಿಯಾದೀತು. ಆದರೆ ಮೇ ತಿಂಗಳಲ್ಲಿ ಈ ದಾರಿ ಹಿಡಿದವರಿಗೆ ಆ ಮಾತು ತೀರಾ ಸುಳ್ಳೆಂದೂ ಅನ್ನಿಸುವುದಿಲ್ಲ. ಕೆಂಪು ಗರಸು ನೆಲ, ಬಿಳಿಜಾಲಿ ಮರಗಳು, ಇತ್ತೀಚಿನ ದಶಕಗಳಲ್ಲಿ ಎದ್ದ ಗಾಳಿಯಂತ್ರಗಳು, ಕೊಬ್ಬರಿ ಒಣಗಿಸುವ ಕಣಗಳು. ಕಾಂಗೇಯಂ ಊರಿಗೆ ರೈಲು ಬರಲಿಲ್ಲ. ಆ ಊರಿನ ಕಥೆಯೆಲ್ಲ ರಸ್ತೆಯ ಮೇಲೆ ಉರುಳಿದ ಗಾಲಿಗಳದೇ.

ದಾರಿ ಮಾತ್ರ ಬಹಳ ಹಳೆಯದು. ಪಶ್ಚಿಮ ಕರಾವಳಿಯ ಬಂದರುಗಳಿಂದ ಪಾಲಕ್ಕಾಡಿನ ಕಂಡಿ ದಾಟಿ ಕರೂರಿಗೆ ಹೋಗುತ್ತಿದ್ದ ವ್ಯಾಪಾರಮಾರ್ಗ ಈ ಸೀಮೆಯಲ್ಲೇ ಹಾಯುತ್ತಿತ್ತು. ನೊಯ್ಯಲ್ ನದಿಯ ದಂಡೆಯ ಕೊಡುಮಣಲ್‌ನಲ್ಲಿ ನಡೆದ ಉತ್ಖನನ ಮಣಿ ಕೊರೆಯುವ ಕಸುಬಿನ ದೊಡ್ಡ ನೆಲೆಯನ್ನು ತೋರಿಸಿದೆ. ಕಾಂಗೇಯಂ ಬಳಿಯ ಪಡಿಯೂರು ನೀಲಿ-ಹಸಿರು ಬೆರಿಲ್ ಹರಳಿಗೆ ಹೆಸರಾದದ್ದು. ಕೊಯಮತ್ತೂರಿನ ಹೊರವಲಯದ ಸುಂಡಕ್ಕಾಮುತ್ತೂರಿನಲ್ಲಿರುವ ಬಂಡೆಶಾಸನವೊಂದು ಚೋಳರ ಕಾಲದ ಹೆದ್ದಾರಿಗೆ ‘ರಾಜಕೇಸರಿ ಪೆರುವಳಿ’ ಎಂಬ ಹೆಸರನ್ನೇ ದಾಖಲಿಸಿದೆ. ಹದಿನೆಂಟನೆಯ ಶತಮಾನದಲ್ಲಿ ಈ ಕೊಂಗು ನಾಡು ಮೈಸೂರಿನ ಆಳ್ವಿಕೆಯಲ್ಲಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರ ಕೈಗೆ ಹೋಯಿತು. ಕಾಂಗೇಯಂ ಇಂದು ಸೇರಿರುವ ತಿರುಪ್ಪೂರು ಜಿಲ್ಲೆ ರಚನೆಯಾದದ್ದು 2009ರಲ್ಲಿ.

ಮೋಟಾರಿಗೆ ಮೊದಲು ಇಲ್ಲಿನ ದಾರಿಯನ್ನು ಆಳಿದ್ದು ಕಾಂಗೇಯಂ ತಳಿಯ ಎತ್ತು. ದನಗಳ ತಳಿಶಾಸ್ತ್ರದಲ್ಲಿ ಇದನ್ನು ಹಳ್ಳಿಕಾರ್, ಅಮೃತಮಹಲ್‌ಗಳ ಜೊತೆ ಮೈಸೂರು ಮಾದರಿಯ ದನಗಳ ಗುಂಪಿಗೇ ಸೇರಿಸುವುದು ರೂಢಿ. ಹುಟ್ಟಿದಾಗ ಕರು ಕೆಂಪಗಿರುತ್ತದೆ. ಆರು ತಿಂಗಳ ಹೊತ್ತಿಗೆ ಬೂದುಬಣ್ಣಕ್ಕೆ ತಿರುಗುತ್ತದೆ. ಬೀಜದ ಹೋರಿಯ ತಲೆ, ಕುತ್ತಿಗೆ, ಭುಜ ಕಪ್ಪೇರುತ್ತವೆ. ಈ ತಳಿಯನ್ನು ಶುದ್ಧವಾಗಿ ಉಳಿಸಿ ಹೆಸರು ತಂದವರು ಪಳೈಯಕೋಟೆಯ ಪಟ್ಟಕ್ಕಾರರೆಂಬ ಜಮೀನ್ದಾರ ಮನೆತನದವರು. 2000ದಲ್ಲಿ ಅಂಚೆ ಇಲಾಖೆ ದೇಸಿ ದನಗಳ ಅಂಚೆಚೀಟಿಗಳನ್ನು ಹೊರತಂದಾಗ ಗಿರ್, ಕಾಂಕ್ರೇಜ್ ಜೊತೆಗೆ ಹಳ್ಳಿಕಾರ್ ಮತ್ತು ಕಾಂಗೇಯಂ ಅಕ್ಕಪಕ್ಕದಲ್ಲೇ ಬಂದವು.

ಇಂಥ ಒಣನೆಲದಲ್ಲಿ ಇಷ್ಟು ಗಟ್ಟಿಯಾದ ದನ ಬೆಳೆದದ್ದು ಹೇಗೆ ಎಂಬುದಕ್ಕೆ ಉತ್ತರ ‘ಕೊರಂಗಾಡು’ ಎಂಬ ಹುಲ್ಲುಗಾವಲಿನಲ್ಲಿದೆ. ಇದು ಊರೊಟ್ಟಿನ ಗೋಮಾಳವಲ್ಲ, ರೈತನ ಸ್ವಂತ ಹೊಲ. ಸುತ್ತ ಮುಳ್ಳಿನ ಕಿಳುವೈ ಗಿಡದ ಜೀವಂತ ಬೇಲಿ, ಒಳಗೆ ಬರ ತಡೆಯುವ ಕೊಳುಕಟ್ಟೈ ಹುಲ್ಲು, ನಡುನಡುವೆ ಬಿಳಿಜಾಲಿ. ಬೇಲಿ ದಾಟದಂತೆ ದನಗಳನ್ನು ಬಿಟ್ಟು, ಒಂದು ಹೊಲ ಮೇದ ಮೇಲೆ ಇನ್ನೊಂದಕ್ಕೆ ಅಟ್ಟುತ್ತಾರೆ. ಬಿಸಿಲಲ್ಲಿ ಹುಲ್ಲು ಸುಟ್ಟರೆ ಜಾಲಿಯ ಕಾಯಿ ಮೇವಾಗುತ್ತದೆ. ಹೀಗೆ ನಡೆದೇ ಮೇದು ಬೆಳೆದ ಎತ್ತಿನ ಗೊರಸು ಗಟ್ಟಿ, ಹಸಿವು ಮಿತ. ಹತ್ತಿ, ರಾಗಿ, ಹೊಗೆಸೊಪ್ಪು ಹೇರಿದ ಬಂಡಿಗಳನ್ನು ಕೊಯಮತ್ತೂರು, ಈರೋಡು, ತಿರುಪ್ಪೂರುಗಳ ಸಂತೆಗೆ ಎಳೆದದ್ದು ಇವೇ.

ಭಾರ ಎಳೆಯುವ ಎತ್ತಿನ ಪಕ್ಕದಲ್ಲೇ ಓಟದ ಎತ್ತೂ ಬೆಳೆಯಿತು. ರೇಕ್ಲಾ ಎಂದರೆ ಒಬ್ಬ ಸವಾರನಿಗಷ್ಟೇ ಜಾಗವಿರುವ ಹಗುರ ಎರಡು ಗಾಲಿಯ ಬಂಡಿ. ಕೊಂಗು ನಾಡಿನ ರೇಕ್ಲಾ ಓಟದಲ್ಲಿ ಎಳೆಯ ಜೋಡಿಗಳಿಗೆ 200 ಮೀಟರ್, ಬಲಿತವಕ್ಕೆ 300 ಮೀಟರ್ ಎಂಬ ವಿಂಗಡಣೆ ರೂಢಿಯಲ್ಲಿದೆ. ವಯಸ್ಸನ್ನು ನಿಶ್ಚಯಿಸುವುದು ಹಲ್ಲು ನೋಡಿ. ಸುಪ್ರೀಂ ಕೋರ್ಟು 2014ರ ಮೇ 7ರಂದು ಜಲ್ಲಿಕಟ್ಟಿನ ಜೊತೆ ಬಂಡಿ ಓಟವನ್ನೂ ನಿಲ್ಲಿಸಿತು. 2017ರಲ್ಲಿ ತಮಿಳುನಾಡೂ ಕರ್ನಾಟಕವೂ ಕಾನೂನು ತಿದ್ದಿಕೊಂಡವು. 2023ರ ಮೇ 18ರಂದು ಸಂವಿಧಾನಪೀಠ ಆ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಕಂಬಳಕ್ಕೆ ಸಿಕ್ಕ ಜೀವದಾನ ರೇಕ್ಲಾಕ್ಕೂ ಸಿಕ್ಕಿದ್ದು ಅದೇ ತೀರ್ಪಿನಲ್ಲಿ.

ಮೋಟಾರು ಬಂದದ್ದು ರೈಲು ಬಿಟ್ಟ ಜಾಗವನ್ನು ತುಂಬಲು. ಪೋದನೂರಿನಿಂದ ಪೊಳ್ಳಾಚಿಗೆ 1915ರಲ್ಲಿ ರೈಲು ಬಂತು, ಆದರೆ ಪೊಳ್ಳಾಚಿಯಿಂದ ಪಳನಿಯ ಮೂಲಕ ದಿಂಡಿಗಲ್ಲಿಗೆ ಹಳಿ ಬೀಳುವಾಗ 1928. ನಡುವಿನ ವರ್ಷಗಳಲ್ಲಿ ಪಳನಿಯ ಮುರುಗನ ಭಕ್ತರು ಪೊಳ್ಳಾಚಿಯಿಂದ 60 ಕಿ.ಮೀ.ಗಿಂತ ಹೆಚ್ಚಿನ ಆ ದಾರಿಯನ್ನು ಬಂಡಿಯಲ್ಲೋ ಕಾಲ್ನಡಿಗೆಯಲ್ಲೋ ಸವೆಸಬೇಕಿತ್ತು. 1920ರಲ್ಲಿ ಆ ದಾರಿಗೆ ಒಂದು ಬಸ್ಸು ಇಳಿಯಿತು. ಅದರ ಒಡೆಯನೂ ಚಾಲಕನೂ ಜಿ.ಡಿ. ನಾಯ್ಡು.

ಗೋಪಾಲಸ್ವಾಮಿ ದೊರೈಸ್ವಾಮಿ ನಾಯ್ಡು ಹುಟ್ಟಿದ್ದು 1893ರಲ್ಲಿ, ಸೂಲೂರು ಬಳಿಯ ಕಲಂಗಲ್ ಹಳ್ಳಿಯಲ್ಲಿ. ಶಾಲೆ ಹಿಡಿಸಲಿಲ್ಲ. ಊರಿಗೆ ಬಂದ ಇಂಗ್ಲಿಷ್ ಅಧಿಕಾರಿಯೊಬ್ಬನ ಮೋಟಾರ್ ಸೈಕಲ್ ಕಣ್ಣಿಗೆ ಬಿದ್ದಾಗ ಅದನ್ನು ಕೊಳ್ಳಲೆಂದೇ ಕೊಯಮತ್ತೂರಿನ ಹೋಟೆಲೊಂದರಲ್ಲಿ ಮಾಣಿಯಾಗಿ ದುಡಿದರು. ಹಣ ಕೂಡಿಸಿ ಆ ರಜ್ ಗಾಡಿಯನ್ನು ಕೊಂಡು, ಬಿಚ್ಚಿ ಜೋಡಿಸಿ ಯಂತ್ರವಿದ್ಯೆ ಕಲಿತರು. ತಿರುಪ್ಪೂರಿನಲ್ಲಿ ಹತ್ತಿ ಹಿಂಜುವ ಗಿರಣಿ ನಡೆಸಿ ಲಾಭ ಮಾಡಿ, ಮುಂಬಯಿಯ ಹತ್ತಿ ವ್ಯಾಪಾರದಲ್ಲಿ ಅದನ್ನು ಕಳೆದುಕೊಂಡರು. ಮತ್ತೆ ಏಳಲು ಆಸರೆಯಾದವರು ಕೊಯಮತ್ತೂರಿನ ಸ್ಟೇನ್ಸ್ ಸಂಸ್ಥೆಯ ರಾಬರ್ಟ್ ಸ್ಟೇನ್ಸ್. ಆ ಒಂದು ಬಸ್ಸಿನಿಂದ ಬೆಳೆದ ಯು.ಎಂ.ಎಸ್. ಎಂಬ ಕಂಪನಿ ಕೆಲವೇ ವರ್ಷಗಳಲ್ಲಿ ದೊಡ್ಡ ಸಾರಿಗೆ ಸಂಸ್ಥೆಯಾಯಿತು. ಬಿಡಿಭಾಗ ವಿಲಾಯತಿಯಿಂದ ಹಡಗಿನಲ್ಲಿ ಬರಬೇಕಿದ್ದ ಕಾಲದಲ್ಲಿ ಬಸ್ಸು ಓಡಿಸುವುದೆಂದರೆ ಕಾರ್ಖಾನೆ ನಡೆಸುವುದೇ ಆಗಿತ್ತು. ನಾಯ್ಡು ಅವರ ಮುಂದಿನ ಕೆಲಸಗಳೆಲ್ಲ, 1937ರಲ್ಲಿ ಡಿ. ಬಾಲಸುಂದರಂ ಜೊತೆ ತಯಾರಿಸಿದ ವಿದ್ಯುತ್ ಮೋಟಾರು, ರೇಡಿಯೊ, ಕ್ಷೌರದ ಯಂತ್ರ, 1945ರಲ್ಲಿ ನೆಟ್ಟ ಆರ್ಥರ್ ಹೋಪ್ ಎಂಜಿನಿಯರಿಂಗ್ ಕಾಲೇಜು, ಆ ಬಸ್ ಶೆಡ್ಡಿನ ಸಂತಾನವೆಂದರೆ ತಪ್ಪಾಗದು. ಅವರು ತೀರಿಕೊಂಡದ್ದು 1974ರಲ್ಲಿ.

ಪೊಳ್ಳಾಚಿಯಲ್ಲೇ 1931ರಲ್ಲಿ ಹುಟ್ಟಿದ ಆನೈಮಲೈಸ್ ಬಸ್ ಟ್ರಾನ್ಸ್‌ಪೋರ್ಟ್, ಜನರ ಬಾಯಲ್ಲಿ ಎಬಿಟಿ, ಇದೇ ಮಾದರಿಯದು. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ದಕ್ಷಿಣದ ಬಸ್ಸುಗಳ ಹಿಂದೆ ಇದ್ದಿಲ ಅನಿಲದ ಒಲೆಗಳು ಕೂತವು. ತಮಿಳುನಾಡು ಸರ್ಕಾರ ದೊಡ್ಡ ಬಸ್ ಕಂಪನಿಗಳನ್ನು ವಶಕ್ಕೆ ತೆಗೆದುಕೊಂಡ ಮೇಲೆ 1972ರಲ್ಲಿ ಚೇರನ್ ಸಾರಿಗೆ ನಿಗಮ ಬಂತು. ಖಾಸಗಿ ಬಸ್ ದೊರೆಗಳ ಯುಗ ಅಲ್ಲಿಗೆ ಮುಗಿಯಿತು.

ಕರ್ನಾಟಕದಲ್ಲಿ ಹಳೆಯ ಕಾರು ಎಂದೊಡನೆ ನೆನಪಾಗುವುದು ಮೈಸೂರು ಅರಮನೆ, ಇಲ್ಲವೇ ಡಿ. ವೀರೇಂದ್ರ ಹೆಗ್ಗಡೆಯವರು ಧರ್ಮಸ್ಥಳದಲ್ಲಿ ಕೂಡಿಸಿದ ಸಂಗ್ರಹ. ಕೊಂಗು ನಾಡಿನಲ್ಲಿ ಅಂಥ ಅರಮನೆಯೂ ಇಲ್ಲ, ದೊಡ್ಡ ಮಠವೂ ಈ ಕೆಲಸಕ್ಕೆ ಇಳಿದಿಲ್ಲ. ಇಲ್ಲಿ ಕಾರಿನ ಮೋಹ ಬೆಳೆದದ್ದು ಹತ್ತಿ ಗಿರಣಿ, ಪಂಪು ತಯಾರಿಕೆ, ಬಸ್ ಶೆಡ್ಡುಗಳ ಮಸಿ ಹಿಡಿದ ಕೈಗಳಲ್ಲಿ. ಕೊಯಮತ್ತೂರಿನ ಅವಿನಾಶಿ ರಸ್ತೆಯಲ್ಲಿ ಜಿ.ಡಿ. ನಾಯ್ಡು ಮನೆತನ 2015ರಲ್ಲಿ ತೆರೆದ ಜೀಡಿ ಕಾರ್ ಮ್ಯೂಸಿಯಂ ಆ ಗುಣವನ್ನೇ ತೋರಿಸುತ್ತದೆ: 1886ರ ಬೆಂಜ್ ಮೂರು ಗಾಲಿಯ ಪ್ರತಿಕೃತಿಯಿಂದ ಮೊದಲಾಗಿ, ಶ್ರೀಮಂತರ ಗಾಡಿಗಳ ಪಕ್ಕದಲ್ಲೇ ಜನಸಾಮಾನ್ಯರ ಪುಟ್ಟ ಕಾರುಗಳೂ ಅಲ್ಲಿ ನಿಂತಿವೆ. ಲಕ್ಷ್ಮಿ ಮಿಲ್ಸ್ ಮನೆತನದ ಎಸ್. ಕರಿವರ್ಧನ್ ಕಡಿಮೆ ಖರ್ಚಿನ ಫಾರ್ಮುಲಾ ಮಾರುತಿ ಓಟದ ಕಾರನ್ನು ರೂಪಿಸಿದ್ದೂ ಈ ಊರಿನಲ್ಲೇ. ಅವರು 1995ರ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಚೆಟ್ಟಿಪಾಳೆಯದ ಓಟದ ಮೈದಾನಕ್ಕೆ ಅವರದೇ ಹೆಸರು. 2005ರಲ್ಲಿ ಫಾರ್ಮುಲಾ ಒನ್ ಓಡಿಸಿದ ಮೊದಲ ಭಾರತೀಯ ನಾರಾಯಣ್ ಕಾರ್ತಿಕೇಯನ್ ಕೂಡ ಕೊಯಮತ್ತೂರಿನವರು.

ಹಳೆಯ ಕಾರನ್ನು ಒಣಸೀಮೆಯ ದಾರಿಗೆ ಇಳಿಸುವುದು ಚಂದ ನೋಡುವ ಕೆಲಸವಷ್ಟೇ ಅಲ್ಲ. ಫೋರ್ಡ್ ಮಾಡೆಲ್ ಟಿ ಕಾರಿಗೆ, ಮೊದಲ ಕೆಲವು ಸಾವಿರವನ್ನು ಬಿಟ್ಟರೆ, ನೀರಿನ ಪಂಪೇ ಇಲ್ಲ. ಕಾದ ನೀರು ತಾನಾಗಿ ಮೇಲೇರಿ, ರೇಡಿಯೇಟರಿನಲ್ಲಿ ತಣಿದು ಕೆಳಗಿಳಿಯಬೇಕು. ಏಪ್ರಿಲ್ ಬಿಸಿಲಿನಲ್ಲಿ ನಿಧಾನ ಸಾಗಿದರೆ ಗಾಳಿ ಸಾಲದೆ ಅದು ಕುದಿಯುತ್ತದೆ. ಎಂಜಿನ್ನಿನ ಕಾವಿಗೆ ಪೆಟ್ರೋಲು ಪೈಪಿನೊಳಗೇ ಆವಿಯಾದರೆ ಗಾಡಿ ಸುಮ್ಮನೆ ನಿಂತುಬಿಡುತ್ತದೆ. ಒದ್ದೆ ಬಟ್ಟೆ ಸುತ್ತಿ ತಣಿಯುವವರೆಗೆ ಕಾಯುವುದೇ ಮದ್ದು. ಅನೇಕ ಹಳೆಯ ಗಾಡಿಗಳಲ್ಲಿ ಗೇರು ಇಳಿಸಲು ಕ್ಲಚ್ಚನ್ನು ಎರಡು ಸಲ ತುಳಿಯಬೇಕು. ಹಾಗಾಗಿ ಇಂಥ ಕಾರುಗಳ ಪ್ರವಾಸ ಬೆಳಕು ಹರಿಯುವ ಮೊದಲೇ ಹೊರಟು, ಬಿಸಿಲೇರುವ ಹೊತ್ತಿಗೆ ನೆರಳು ಸೇರುವಂತೆ ಇರಬೇಕಾಗುತ್ತದೆ. ಎತ್ತಿನ ಬಂಡಿಯವರೂ ಅದೇ ಹೊತ್ತನ್ನು ನಂಬಿದ್ದರು.

ಭಾರತದಲ್ಲಿ ಹಳೆಯ ಕಾರುಗಳನ್ನು ಸಾಲಾಗಿ ಓಡಿಸುವ ರೂಢಿಗೆ ದಿಲ್ಲಿಯಲ್ಲಿ 1964ರಿಂದ ನಡೆದುಬಂದ ಸ್ಟೇಟ್ಸ್‌ಮನ್ ರ‍್ಯಾಲಿ ಹೆಸರು ತಂದಿತು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ 30 ವರ್ಷ ದಾಟಿದ ವಾಹನವನ್ನು ಐತಿಹಾಸಿಕವೆಂದು ಎಣಿಸುತ್ತದೆ. ಭಾರತದ ಕಾನೂನು ಇನ್ನೂ ಬಿಗಿ. ಕೇಂದ್ರ ಸಾರಿಗೆ ಸಚಿವಾಲಯ 2021ರ ಜುಲೈನಲ್ಲಿ ಹೊರಡಿಸಿದ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ಮೀರಿ, ಮೂಲರೂಪದಲ್ಲೇ ಉಳಿದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ಗಾಡಿಗಳು ‘ವಿಂಟೇಜ್’ ಎನಿಸುತ್ತವೆ. ಅವಕ್ಕೆ ‘ವಿಎ’ ಅಕ್ಷರಗಳಿರುವ ಸಂಖ್ಯಾಫಲಕ. ನೋಂದಣಿಗೆ 20,000 ರೂಪಾಯಿ, 10 ವರ್ಷದ ಅವಧಿ. ಮರುನೋಂದಣಿಗೆ 5,000 ರೂಪಾಯಿ. ಪ್ರದರ್ಶನ, ತಾಂತ್ರಿಕ ಸಂಶೋಧನೆ, ವಿಂಟೇಜ್ ರ‍್ಯಾಲಿ, ಇಂಧನ ತುಂಬಿಸುವುದು, ದುರಸ್ತಿ – ಇಷ್ಟಕ್ಕೆ ಮಾತ್ರ ರಸ್ತೆಗೆ ತರಬಹುದು. ದಿನದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ. ಬಾಡಿಗೆ ದುಡಿದೇ ಬೆಳೆದ ಕೊಂಗು ನಾಡಿನ ಬಸ್ಸು ಲಾರಿಗಳಿಗೆ ಈ ನಿಯಮದಲ್ಲಿ ಜಾಗವಿಲ್ಲ.