ಹಿಮದ ಕಣಜ

ತೋಟದ ಫಲವು ಒಮ್ಮೆಗೇ ಕೈಗೆ ಬರುವುದು. ಒಲೆಯಾದರೋ ದಿನದಿನವೂ ಬೇಡುವುದು. ಈ ತೊಡಕನ್ನು ಬಿಡಿಸಿಕೊಳ್ಳಲು ಒಂದೊಂದು ನಾಡೂ ತನಗೆ ಪ್ರಕೃತಿಯು ಕೊಟ್ಟುದನ್ನೇ ಆಶ್ರಯಿಸಿತು. ಕನ್ನಡನಾಡಿಗೆ ಬಿಸಿಲೂ ಉಪ್ಪೂ ದೊರೆತುವು. ಬಾಳಕ, ಸಂಡಿಗೆ, ಉಪ್ಪಿನಕಾಯಿಗಳು ಹುಟ್ಟಿದುವು. ಇವುಗಳಲ್ಲಿ ಕಾಯಿ ಉಳಿಯುವುದೇ ಹೊರತು ಅದರ ಹಸಿತನ ಉಳಿಯದು. ಹಸಿತನವನ್ನೇ ಉಳಿಸುವ ವಿದ್ಯೆಯು ಬಿಸಿಲು ದುರ್ಲಭವಾದ ಉತ್ತರದ ಹಿಮಭೂಮಿಯಿಂದ ಬರಬೇಕಾಯಿತು.

ಉತ್ತರ ಅಮೆರಿಕದ ಈಶಾನ್ಯ ತೀರದಲ್ಲಿ ಲ್ಯಾಬ್ರಡಾರ್ ಎಂಬ ಪ್ರದೇಶವುಂಟು. 1912ರಲ್ಲಿ ಅಲ್ಲಿಗೆ ಹೋದ ಕ್ಲಾರೆನ್ಸ್ ಬರ್ಡ್ಸೈ ಎಂಬ ಅಮೆರಿಕದ ತರುಣನು ನರಿಯ ಚರ್ಮದ ವ್ಯಾಪಾರಕ್ಕೆ ತೊಡಗಿದನು. ಅಲ್ಲಿನ ಮೂಲನಿವಾಸಿಗಳಾದ ಇನ್ಯೂಟ್ ಜನರು ಮಂಜುಗಡ್ಡೆಯಲ್ಲಿ ರಂಧ್ರ ಕೊರೆದು ಮೀನು ಹಿಡಿಯುತ್ತಿದ್ದರು. ಮೇಲಕ್ಕೆತ್ತಿದ ಮೀನು ಕಡುಚಳಿಯ ಗಾಳಿಗೆ ಕ್ಷಣಮಾತ್ರದಲ್ಲಿ ಕಲ್ಲಾಗುತ್ತಿತ್ತು. ತಿಂಗಳುಗಳ ಮೇಲೆ ಬೇಯಿಸಿದರೂ ಅಂದೇ ಹಿಡಿದುದರ ರುಚಿ. ನಡುಚಳಿಗಾಲದಲ್ಲಿ ಹೆಪ್ಪುಗಟ್ಟಿದ ಮಾಂಸವು ರುಚಿಯಾಗಿಯೂ, ಚಳಿ ಕಡಿಮೆಯಾದ ಕಾಲದಲ್ಲಿ ಹೆಪ್ಪುಗಟ್ಟಿದುದು ನೀರುನೀರಾಗಿಯೂ ಇರುವುದನ್ನು ಬರ್ಡ್ಸೈ ಗಮನಿಸಿದನು. ತನ್ನ ಮನೆಯ ಅಡುಗೆಗಾಗಿ ಪೀಪಾಯಿಯಲ್ಲಿ ಕೋಸಿನ ಎಲೆಗಳನ್ನಿಟ್ಟು, ಉಪ್ಪುನೀರು ಹೊಯ್ದು, ಆ ಗಾಳಿಗೇ ಒಡ್ಡಿ ಹೆಪ್ಪುಗಟ್ಟಿಸಿದನು. ಮುಂದೆ ಕೋಟ್ಯಂತರ ಡಾಲರುಗಳ ಉದ್ಯಮವಾದುದರ ಒಂದು ಬೇರು ಹೀಗೆ ಗೃಹಕೃತ್ಯದಲ್ಲಿದೆ.

ಇದರ ರಹಸ್ಯವು ವೇಗದಲ್ಲಿದೆ. ಕಾಯಿಪಲ್ಯದಲ್ಲಿ ಬಹುಭಾಗ ನೀರು. ಅದು ಮೆಲ್ಲಮೆಲ್ಲನೆ ಗಡ್ಡೆಗಟ್ಟಿದರೆ ದೊಡ್ಡ ಹರಳುಗಳಾಗಿ ಜೀವಕೋಶದ ಗೋಡೆಗಳನ್ನು ಸೀಳುವುದು. ಕರಗಿದಾಗ ರಸವೆಲ್ಲ ಸೋರಿ ಕಾಯಿ ಮೆತ್ತಗಾಗುವುದು. ಬೇಗನೆ ಗಡ್ಡೆಗಟ್ಟಿದರೆ ಹರಳುಗಳು ಅತಿ ಸಣ್ಣವು, ಹಾನಿಯೂ ಅಲ್ಪ. ಶೀತವು ಕ್ರಿಮಿಗಳನ್ನು ಕೊಲ್ಲುವುದೆಂಬ ನಂಬಿಕೆ ಮಾತ್ರ ತಪ್ಪು. ಅವು ನಿದ್ರಿಸುವುವು, ಅಷ್ಟೆ. ಇನ್ಯೂಟರಿಗೆ ಹರಳಿನ ಶಾಸ್ತ್ರ ಬೇಕಾಗಿರಲಿಲ್ಲ; ಫಲವು ಅವರಿಗೆ ತಲೆತಲಾಂತರದಿಂದ ಗೊತ್ತಿತ್ತು. ಈ ಪದ್ಧತಿಯ ಜನಕನೆಂದು ಬರ್ಡ್ಸೈಯನ್ನು ಹೊಗಳುವವರು ಅವನ ಗುರುಗಳನ್ನು ಮರೆಯುವುದು ನ್ಯಾಯವಲ್ಲ.

1923ರಲ್ಲಿ ನ್ಯೂಯಾರ್ಕಿನಲ್ಲಿ ಅವನು ತೆರೆದ ಮೀನಿನ ವ್ಯಾಪಾರವು ಮರುವರ್ಷವೇ ದಿವಾಳಿಯಾಯಿತು. ಛಲ ಬಿಡದೆ, ಶೀತಲವಾದ ಲೋಹದ ಫಲಕಗಳ ನಡುವೆ ಪೊಟ್ಟಣಗಳನ್ನು ಒತ್ತಿ ಹೆಪ್ಪುಗಟ್ಟಿಸುವ ಯಂತ್ರವನ್ನು ರಚಿಸಿದನು. 1929ರಲ್ಲಿ ಅವನ ಹಕ್ಕುಗಳೂ ಉದ್ಯಮವೂ 2 ಕೋಟಿ 20 ಲಕ್ಷ ಡಾಲರುಗಳಿಗೆ ಮಾರಾಟವಾದುವು. 1930ನೆಯ ಮಾರ್ಚ್ 6ರಂದು ಮ್ಯಾಸಚೂಸೆಟ್ಸಿನ ಸ್ಪ್ರಿಂಗ್‌ಫೀಲ್ಡ್ ನಗರದ 18 ಅಂಗಡಿಗಳಲ್ಲಿ ಹೆಪ್ಪುಗಟ್ಟಿದ ಬಟಾಣಿ, ಪಾಲಕ್ ಮೊದಲಾದುವುಗಳು ಮಾರಾಟಕ್ಕೆ ಬಂದುವು.

ಆದರೆ ಮೀನಿಗೆ ಸಾಕಾದ ವೇಗವೊಂದೇ ತರಕಾರಿಗೆ ಸಾಲದು. ಹಸಿಯಾಗಿಯೇ ಹೆಪ್ಪುಗಟ್ಟಿಸಿದ ಬಟಾಣಿಯು ಕೆಲವು ತಿಂಗಳುಗಳಲ್ಲಿ ಒಣಹುಲ್ಲಿನ ವಾಸನೆ ಹಿಡಿದು ಬಣ್ಣಗೆಡುತ್ತಿತ್ತು. ಕಾಯಿಯೊಳಗಿನ ಕಿಣ್ವಗಳು ಶೀತದಲ್ಲಿಯೂ ಮೆಲ್ಲನೆ ತಮ್ಮ ಕೆಲಸವನ್ನು ನಡೆಸುವುದೇ ಇದಕ್ಕೆ ಕಾರಣ. ಅವುಗಳನ್ನು ಅಡಗಿಸಲು ಶಾಖವೇ ಬೇಕು. ಹೀಗಾಗಿ ಶೀತಕ್ಕಿಡುವ ಮೊದಲು ಕುದಿನೀರಿಗಿಡುವ ವಿಚಿತ್ರವು ನಿಯಮವಾಯಿತು: ಬಟಾಣಿಗೆ ಸುಮಾರು ಒಂದೂವರೆ ನಿಮಿಷ, ಹುರುಳಿಕಾಯಿಗೆ ಮೂರು, ಒಡನೆಯೇ ತಣ್ಣೀರಿನಲ್ಲಿ ಮುಳುಗಿಸಿ, ನೀರಾರಿಸಿ, ಗಾಳಿಯಾಡದಂತೆ ಕಟ್ಟಿ, ಸೊನ್ನೆಗಿಂತ 18 ಡಿಗ್ರಿ ಸೆಂಟಿಗ್ರೇಡ್ ಕೆಳಗಿನ ಶೀತದಲ್ಲಿಡಬೇಕು.

ಮನೆಗಳಲ್ಲಿ ಅಂಥ ಶೀತವು ಬಹುಕಾಲ ದೊರೆಯಲಿಲ್ಲ. ಅಮೆರಿಕದ ರೈತರು ಊರಿನ ಶೀತಾಗಾರದಲ್ಲಿ ಬಾಡಿಗೆಗೆ ಗೂಡುಗಳನ್ನು ಹಿಡಿದು, ತಮ್ಮ ತೋಟದ ಮಿಗುತಾಯವನ್ನು ಅಲ್ಲಿಡುತ್ತಿದ್ದರು. ಎರಡನೆಯ ಮಹಾಯುದ್ಧದಲ್ಲಿ ತವರವು ಸೇನೆಯ ಪಾಲಾಗಿ ಡಬ್ಬಿಗಳು ವಿರಳವಾದುವು. ಹಿತ್ತಿಲ ತೋಟಗಳೋ ಲಕ್ಷಾಂತರವಾಗಿ ಎದ್ದುವು. ಬೆಳೆದುದನ್ನು ಎಲ್ಲಿಡುವುದೆಂಬ ಚಿಂತೆ ಮನೆಮನೆಯದಾಯಿತು. ಯುದ್ಧ ಮುಗಿದ ಮೇಲೆ ಗೃಹೋಪಯೋಗಿ ಶೀತಪೆಟ್ಟಿಗೆಗಳು ಅಲ್ಲಿ ವ್ಯಾಪಕವಾಗಿ ಹರಡಿದುವು.

ಇಂದು ಕನ್ನಡನಾಡಿನ ಪಟ್ಟಣಗಳಲ್ಲಿಯೂ ಪುಷ್ಯಮಾಸದ ಅವರೆಕಾಳನ್ನು ಸುಲಿದು ಶೀತಪೆಟ್ಟಿಗೆಯಲ್ಲಿ ಇಡುವ ಗೃಹಿಣಿಯರುಂಟು. ದೊಡ್ಡ ರಾಶಿಯನ್ನು ಒಂದೇ ಚೀಲದಲ್ಲಿ ತುರುಕಿದರೆ ನಡುವಿನ ಕಾಳು ಮೆಲ್ಲನೆ ಗಡ್ಡೆಗಟ್ಟುವುದು. ತೆಳುವಾಗಿ ಹರಡಿಟ್ಟು, ಗಟ್ಟಿಯಾದ ಮೇಲೆ ಚೀಲಕ್ಕೆ ತುಂಬಿದರೆ ಲ್ಯಾಬ್ರಡಾರಿನ ಗಾಳಿಯ ಕೆಲಸವು ಸ್ವಲ್ಪಮಟ್ಟಿಗಾದರೂ ನಡೆಯುವುದು. ಅದಕ್ಕೂ ಮೊದಲು ಕಾಳನ್ನು ಎರಡು ನಿಮಿಷ ಕುದಿನೀರಿಗೆ ಹಾಕಿ ತೆಗೆದ ಮನೆಯಲ್ಲಿ, ಯುಗಾದಿಯು ಕಳೆದ ಮೇಲೂ ಅವರೆಯ ಹುಳಿ ಸೊಗಸಾಗಿರುತ್ತದೆ.