ಟಾರ್ಚ್ ಹಿಡಿದ ಪ್ರೇಕ್ಷಕ: ‘ಲೂಸಿಯಾ’ ಮತ್ತು ನೋಡುಗರ ಪಾಲುದಾರಿಕೆ

ಚಿತ್ರ ತಯಾರಾಗುತ್ತದೆ, ಜನ ನೋಡುತ್ತಾರೆ, ಆಮೇಲೆ ಮಾತಾಡಿಕೊಳ್ಳುತ್ತಾರೆ. ಪ್ರೇಕ್ಷಕರನ್ನು ಕುರಿತ ನಮ್ಮ ಅಧ್ಯಯನಗಳು ಬಹುಮಟ್ಟಿಗೆ ಈ ಅನುಕ್ರಮವನ್ನೇ ನೆಚ್ಚಿಕೊಂಡಿವೆ. 2013ರ ಸೆಪ್ಟೆಂಬರ್ 6ರಂದು ತೆರೆಕಂಡ ಪವನ್ ಕುಮಾರ್ ನಿರ್ದೇಶನದ ‘ಲೂಸಿಯಾ’ ಅದನ್ನು ತಿರುವುಮುರುವು ಮಾಡಿತು. ಕನ್ನಡ ಚಿತ್ರೋದ್ಯಮದ ನೆಲೆಯಾದ ಬೆಂಗಳೂರಿನ ಗಾಂಧಿನಗರದಲ್ಲಿ ಬಂಡವಾಳ ಹುಟ್ಟದಿದ್ದಾಗ ನಿರ್ದೇಶಕರು ಅಂತರ್ಜಾಲದ ಮೂಲಕ ನೋಡುಗರನ್ನೇ ಕೇಳಿದರು. ನೂರಕ್ಕೂ ಹೆಚ್ಚು ಮಂದಿ ಸೇರಿ ಸುಮಾರು 50 ಲಕ್ಷ ರೂಪಾಯಿ ಕೂಡಿಸಿದರು. ಚಿತ್ರೀಕರಣಕ್ಕೆ ಮುಂಚೆಯೇ ಚಿತ್ರದ ಮಾತುಕತೆ ಆರಂಭವಾಗಿತ್ತು. ಈ ಪಾಲುದಾರಿಕೆ ಲೆಕ್ಕಪುಸ್ತಕದಲ್ಲಷ್ಟೇ ಉಳಿಯದೆ ಚಿತ್ರದ ರಚನೆಯಲ್ಲೂ ಕಾಣುತ್ತದೆ ಎಂಬುದು ಪ್ರಸ್ತುತ ಲೇಖನದ ವಾದ.

ಜನರ ಹಣದಲ್ಲಿ ಸಿನಿಮಾ ಮಾಡಿದ್ದು ಇದೇ ಮೊದಲಲ್ಲ. ಗಿರೀಶ ಕಾರ್ನಾಡ, ಅನಂತ್ ನಾಗ್ ನಟಿಸಿದ ಶ್ಯಾಮ್ ಬೆನೆಗಲ್ ಅವರ ‘ಮಂಥನ್’ (1976) ಚಿತ್ರಕ್ಕೆ ಗುಜರಾತಿನ 5 ಲಕ್ಷ ಹೈನುಗಾರರು ತಲಾ 2 ರೂಪಾಯಿ ಕೊಟ್ಟಿದ್ದರು. ಆದರೆ ಅವರು ಹಣ ಕೊಟ್ಟದ್ದು ಹಾಲು ಉತ್ಪಾದಕರಾಗಿ, ತಮ್ಮ ಸಹಕಾರಿ ಚಳವಳಿಯ ಕಥೆಗೆ. ‘ಲೂಸಿಯಾ’ಕ್ಕೆ ಹಣ ಕೊಟ್ಟವರನ್ನು ಒಂದುಗೂಡಿಸಿದ್ದು ಕಸುಬಲ್ಲ, ಹೊಸ ಬಗೆಯ ಕನ್ನಡ ಸಿನಿಮಾ ನೋಡಬೇಕೆಂಬ ಆಸೆ.

ಈ ಹಿನ್ನೆಲೆಯಲ್ಲಿ ಕಥಾನಾಯಕನ ಕೆಲಸ ಗಮನಾರ್ಹ. ಸತೀಶ್ ನೀನಾಸಂ ಅಭಿನಯಿಸಿದ ನಿಕ್ಕಿ ಚಿತ್ರಮಂದಿರದ ಕತ್ತಲಲ್ಲಿ ಟಾರ್ಚ್ ಬಿಟ್ಟು ಪ್ರೇಕ್ಷಕರಿಗೆ ಸೀಟು ತೋರಿಸುವವನು. ಪರದೆಗೆ ಅಷ್ಟು ಹತ್ತಿರವಿದ್ದರೂ ಅವನ ಬೆಳಕು ಬೀಳುವುದು ಬೇರೆಯವರ ಕುರ್ಚಿಯ ಮೇಲೆ. ನಿದ್ದೆ ಬಾರದ ಅವನು ಗುಳಿಗೆ ನುಂಗಿ, ತಾನೇ ತಾರೆಯಾದಂತೆ ಕನಸು ಕಾಣುತ್ತಾನೆ. ಬಡವನ ಬದುಕು ಬಣ್ಣದಲ್ಲಿದೆ, ತಾರೆಯದು ಕಪ್ಪುಬಿಳುಪಿನಲ್ಲಿ. ಕೊನೆಗೆ ತಿಳಿಯುವುದೇನೆಂದರೆ, ತಾರೆಯ ಬದುಕೇ ವಾಸ್ತವ. ಸೀಟು ತೋರಿಸುವವನಾಗುವುದೇ ಅವನ ಕನಸು. ಪ್ರೇಕ್ಷಕ ತಾರೆಯಾಗಲು ಹಂಬಲಿಸುತ್ತಾನೆಂಬ ಹಳೆಯ ನಂಬಿಕೆಯನ್ನು ಚಿತ್ರ ಹೀಗೆ ಮಗುಚಿ ಹಾಕುತ್ತದೆ.

ಈ ತಿರುವು ನೋಡುಗನಿಗೆ ಕೆಲಸ ಹಚ್ಚುತ್ತದೆ. ಯಾವುದು ಕನಸು, ಯಾವುದು ನಿಜ ಎಂದು ಹಿಂದಿನ ದೃಶ್ಯಗಳನ್ನೆಲ್ಲ ಮನಸ್ಸಿನಲ್ಲೇ ಮತ್ತೆ ಜೋಡಿಸಿಕೊಳ್ಳದೆ ಅವನಿಗೆ ಚಿತ್ರ ಮುಗಿಯುವುದಿಲ್ಲ. ಲಂಡನ್ ಭಾರತೀಯ ಚಿತ್ರೋತ್ಸವದಲ್ಲಿ ‘ಲೂಸಿಯಾ’ಕ್ಕೆ ದೊರೆತದ್ದೂ ಪ್ರೇಕ್ಷಕರ ಮೆಚ್ಚುಗೆಯ ಪ್ರಶಸ್ತಿಯೇ.

ನೋಡುಗರಿಂದಲೇ ಹಣ ಕೂಡಿಸುವ ಈ ಮಾದರಿಗೆ ಮಿತಿಯೂ ಇದೆ. ಅಂತರ್ಜಾಲದ ಕರೆ ಅಂತರ್ಜಾಲ ಇದ್ದವರನ್ನಷ್ಟೇ ಮುಟ್ಟುತ್ತದೆ. ನಿಕ್ಕಿಯಂಥವರ ಕಥೆಗೆ ನಿಕ್ಕಿಯಂಥವರೇ ಪಾಲುದಾರರಾಗುವುದು ಕಷ್ಟ. ಆದರೂ ಸಂಶೋಧಕರಿಗೆ ‘ಲೂಸಿಯಾ’ ಕಲಿಸುವ ಪಾಠ ದೊಡ್ಡದು. ಪ್ರೇಕ್ಷಕರ ಚರಿತ್ರೆಯನ್ನು ಟಿಕೆಟ್ ಕಿಟಕಿಯಿಂದ ಆರಂಭಿಸಿದರೆ ಸಾಲದು. ಕತ್ತಲಲ್ಲಿ ಕೂತವರು ಏನನ್ನು ನೋಡಬಯಸಿದ್ದರು, ಅದಕ್ಕಾಗಿ ಏನು ತೆತ್ತರು ಎಂಬಲ್ಲಿಂದ ಅದು ಆರಂಭವಾಗಬೇಕು.