ಅನ್ನದ ಉಂಡೆ ಪುಟಿದರೆ ಅದು ಪ್ಲಾಸ್ಟಿಕ್ ಅಕ್ಕಿಯೇ?

ಅನ್ನವನ್ನು ಉಂಡೆ ಕಟ್ಟಿ ನೆಲಕ್ಕೆ ಎಸೆಯುತ್ತಾರೆ. ಅದು ಚೆಂಡಿನಂತೆ ಪುಟಿಯುತ್ತದೆ. ಕೆಳಗೊಂದು ಸಾಲು: "ಪ್ಲಾಸ್ಟಿಕ್ ಅಕ್ಕಿ ಬಂದಿದೆ, ಎಲ್ಲರಿಗೂ ತಲುಪಿಸಿ." ಇಂಥ ವಿಡಿಯೊಗಳು 2017ರಲ್ಲಿ ದೇಶದ ಹಲವೆಡೆ ಹರಡಿದ್ದವು. ಈಗಲೂ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಆಗಾಗ ಬರುತ್ತವೆ. ಇದು ನಿಜವೇ?

ನಿಜವಲ್ಲ. ಪುಟಿಯುವುದು ಅನ್ನದ್ದೇ ಗುಣ.

ಪುಟಿಯುವುದೇಕೆ?

ಅಕ್ಕಿಯ ಬಹುಪಾಲು ಪಿಷ್ಟ. ಗ್ಲೂಕೋಸ್ ಅಣುಗಳು ಮಣಿಸರದಂತೆ ಸೇರಿದ ಉದ್ದನೆಯ ಸರಪಳಿಯೇ ಪಿಷ್ಟ. ಇಂಥ ಸರಪಳಿಗೆ ಪಾಲಿಮರ್ ಎನ್ನುತ್ತಾರೆ. ಪ್ಲಾಸ್ಟಿಕ್ ಕೂಡ ಪಾಲಿಮರ್, ಆದರೆ ಪಾಲಿಮರ್ ಎಲ್ಲವೂ ಪ್ಲಾಸ್ಟಿಕ್ ಅಲ್ಲ. ಹತ್ತಿ, ರೇಷ್ಮೆಯೂ ಪಾಲಿಮರ್‌ಗಳೇ.

ಅಕ್ಕಿ ಬೇಯುವಾಗ ನೀರು ಹೀರಿ ಉಬ್ಬುತ್ತದೆ, ಸರಪಳಿಗಳು ಸಡಿಲವಾಗುತ್ತವೆ. ಆರಿದಂತೆ ಅವು ಮತ್ತೆ ಹತ್ತಿರ ಬಂದು 'ಹೈಡ್ರೋಜನ್ ಬಂಧ' ಎಂಬ ದುರ್ಬಲ ಸೆಳೆತದಿಂದ ಹೆಣೆದುಕೊಳ್ಳುತ್ತವೆ. ಸರಪಳಿಯೊಳಗಿನ ಬಂಧದ ಹತ್ತನೇ ಒಂದರಷ್ಟು ಬಲವೂ ಇದಕ್ಕಿಲ್ಲ. ಆದರೆ ತೆಂಗಿನ ನಾರು ಸೇರಿ ಹಗ್ಗವಾಗುವಂತೆ, ಅಸಂಖ್ಯ ಬಂಧಗಳು ಸೇರಿದಾಗ ಉಂಡೆ ಗಟ್ಟಿಯಾಗುತ್ತದೆ. ಹಾಲುಬಾಯಿ ತಟ್ಟೆಯಲ್ಲಿ ಆರಿದ ಮೇಲೆ ಕತ್ತರಿಸುವಷ್ಟು ಗಟ್ಟಿಯಾಗುವುದೂ ಹೀಗೆಯೇ.

ವಿಜ್ಞಾನಿಗಳು ಇದನ್ನು ಕಂಪ್ಯೂಟರಿನಲ್ಲೂ ಮಾಡಿ ನೋಡುತ್ತಾರೆ. ಸರಪಳಿಯನ್ನು ಮಣಿಗಳ ಸಾಲಾಗಿ ಚಿತ್ರಿಸಿ, ಮಣಿಗಳ ನಡುವೆ ಸಣ್ಣ ಸೆಳೆತವನ್ನಷ್ಟೇ ಕೊಡುತ್ತಾರೆ. ತಾಪ ಏರಿಸಿದರೆ ಚದುರುತ್ತವೆ, ಇಳಿಸಿದರೆ ತಾವಾಗಿಯೇ ಗುಂಪುಗೂಡುತ್ತವೆ. ಯಾರೂ ಜೋಡಿಸಬೇಕಿಲ್ಲ. ಇದೇ ಸ್ವಯಂ ಜೋಡಣೆ.

ಕರಾವಳಿಯಲ್ಲಿ ಅನುಮಾನ ಏಕೆ?

ಉಡುಪಿ, ಕಾಪು, ಕಾರ್ಕಳದ ಕಡೆ ಮನೆಯ ಊಟವೆಂದರೆ ಕುಚ್ಚಲಕ್ಕಿ. ಭತ್ತವನ್ನು ಮೊದಲೇ ಬೇಯಿಸಿ ಒಣಗಿಸುವುದರಿಂದ ಪಿಷ್ಟ ಕಾಳಿನೊಳಗೇ ಒಮ್ಮೆ ಬಿಗಿಯಾಗಿರುತ್ತದೆ. ಹಾಗಾಗಿ ಅನ್ನ ಉದುರುದುರಾಗಿರುತ್ತದೆ. ಅದಕ್ಕೆ ಒಗ್ಗಿದವರಿಗೆ ಅಂಟುವ ಬೆಳ್ತಿಗೆ ಅನ್ನ ವಿಚಿತ್ರ ಎನಿಸಬಹುದು.

ನೀರಿನಲ್ಲಿ ತೇಲುವ ಕಾಳು?

ರೇಷನ್ ಅಂಗಡಿ, ಅಂಗನವಾಡಿ ಮತ್ತು ಶಾಲೆಯ ಬಿಸಿಯೂಟಕ್ಕೆ ಸಾರವರ್ಧಿತ ಅಕ್ಕಿ ಕೊಡುವುದಾಗಿ ಪ್ರಧಾನಿ 2021ರ ಆಗಸ್ಟ್ 15ರಂದು ಘೋಷಿಸಿದರು. ಅಕ್ಕಿ ಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ವಿಟಮಿನ್ ಬಿ12 ಸೇರಿಸಿ ಯಂತ್ರದಲ್ಲಿ ಕಾಳಿನಂತೆ ಒತ್ತಿ, 100 ಕಾಳಿಗೆ 1ರಂತೆ ಬೆರೆಸುತ್ತಾರೆ. ಇವು ಬಣ್ಣದಲ್ಲಿ ತುಸು ಬೇರೆ ಕಾಣಬಹುದು, ತೇಲಲೂಬಹುದು. ಇವನ್ನು ಪ್ಲಾಸ್ಟಿಕ್ ಎಂದು ಆರಿಸಿ ಎಸೆದರೆ ಪೋಷಕಾಂಶವನ್ನೇ ಎಸೆದಂತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ.

ಮನೆಯಲ್ಲೇ ಪರೀಕ್ಷಿಸಬಹುದೇ?

ಸುಟ್ಟು ನೋಡುವುದರಿಂದ ಪ್ರಯೋಜನವಿಲ್ಲ, ಅಕ್ಕಿಯೂ ಸುಟ್ಟು ಕರಿಯಾಗುತ್ತದೆ. ಆರಿದ ಅನ್ನದ ಮೇಲೆ ಒಂದು ಹನಿ ಟಿಂಚರ್ ಅಯೋಡಿನ್ ಹಾಕಿ. ಕಡುನೀಲಿಯಾದರೆ ಅದರಲ್ಲಿ ಪಿಷ್ಟ ಇದೆ ಎಂದರ್ಥ. ಪ್ಲಾಸ್ಟಿಕ್ ಹಾಗೆ ಬಣ್ಣ ಬದಲಿಸುವುದಿಲ್ಲ, ಬೇಯಿಸಿದರೆ ನೀರು ಹೀರಿ ಅರಳುವುದೂ ಇಲ್ಲ. ಪರೀಕ್ಷೆಗೆ ಬಳಸಿದ ಅನ್ನವನ್ನು ತಿನ್ನಬೇಡಿ.

ಅಕ್ಕಿಯಲ್ಲಿ ಹುಳ, ಕಲ್ಲು, ಮುಗ್ಗಲು ವಾಸನೆ ಇದ್ದರೆ ಖಂಡಿತ ದೂರು ಕೊಡಿ. ಪುಟಿಯಿತು ಎಂಬ ಕಾರಣಕ್ಕೆ ಮಾತ್ರ ಫಾರ್ವರ್ಡ್ ಮಾಡಬೇಡಿ ಎಂಬುದು ನಮ್ಮ ಮನವಿ.